ಕಾಲೇಜು ಮುಗಿದ ಮರುವರ್ಷ

ಕಲೆ ಓದುತ್ತಿರುವವರ, ಓದಿ ಮುಗಿಸಿದವರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಚಿತ್ರಕಲಾ ಅಧ್ಯಾಪಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಹೋದ ವರ್ಷ ಬಿ.ವಿ.ಎ. (ದೃಶ್ಯಕಲಾ ಪದವಿ) ಮುಗಿಸಿದೆ. ಗ್ರಾಫಿಕ್ಸ್, ಅಂದರೆ ಅಚ್ಚಿನ ಚಿತ್ರಕಲೆ ನನ್ನ ವಿಷಯ. ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಅಚ್ಚು ತೆಗೆಯುವುದು) ಜಾಸ್ತಿ ಮಾಡುತ್ತಿದ್ದೆ. ಈಗ ಬ್ಯಾಡಗಿ ಹತ್ತಿರ ನಮ್ಮೂರಲ್ಲಿದ್ದೇನೆ. ಇಲ್ಲಿ ಪ್ರೆಸ್ ಇಲ್ಲ. ಕೆಲಸದ ಬಗ್ಗೆ ಮಾತಾಡಲು ಒಬ್ಬರೂ ಇಲ್ಲ. ಎಂಟು ತಿಂಗಳಿಂದ ಒಂದು ಪ್ರಿಂಟೂ ತೆಗೆದಿಲ್ಲ. ಅಪ್ಪನ ಜೊತೆ ಮೆಣಸಿನಕಾಯಿ ಕಣ ಕಾಯುತ್ತಿದ್ದೇನೆ. ಕಲಿತದ್ದೆಲ್ಲ ಮರೆತುಹೋಗುತ್ತದೇನೋ ಅಂತ ಹೆದರಿಕೆ.
– ಹಾವೇರಿ ಜಿಲ್ಲೆಯ ಓದುಗ

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಈ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. 1984ರಲ್ಲಿ ಡಿಪ್ಲೊಮಾ ಮುಗಿಸಿ ನಾನೂ ನವಲಗುಂದದ ಕಡೆಯ ನಮ್ಮ ಹಳ್ಳಿಗೆ ಹೋದೆ. ಹದಿನಾಲ್ಕು ತಿಂಗಳು ಬ್ರಶ್ ಮುಟ್ಟಲಿಲ್ಲ. ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ಜಾಗ ಇರಲಿಲ್ಲ, ಬಣ್ಣ ತೀರಿತ್ತು, ಮಾಡಿದ್ದನ್ನು ನೋಡುವವರಿರಲಿಲ್ಲ, ಅಷ್ಟೇ. ಆಮೇಲೆ ನನಗಿಂತ ಐದು ವರ್ಷ ಮುಂದೆ ಓದಿದ್ದ ಅಕ್ಕ ಒಬ್ಬರು ಧಾರವಾಡದ ಮಾಳಮಡ್ಡಿಯ ತಮ್ಮ ಮನೆಯ ಹಿತ್ತಲ ಕೋಣೆಯ ಕೀಲಿ ಕೈಗಿಟ್ಟರು. "ಶನಿವಾರ ಬಾ. ಸಂಜಿಗೆ ನಾ ಬಂದು ನೋಡತೀನಿ" ಅಂದರು. ಬಾಡಿಗೆ ಕೇಳಲಿಲ್ಲ. ಆ ಕೀಲಿ ಸಿಗದಿದ್ದರೆ ನಾನು ಮುಂದೆ ಮೇಷ್ಟ್ರಾಗುತ್ತಿರಲಿಲ್ಲ.

ನಾಲ್ಕು ವರ್ಷ ನಾವು ಹುಡುಗರನ್ನು ನೋಡಿಕೊಳ್ಳುತ್ತೇವೆ. ಕೊನೆಯ ಪರೀಕ್ಷೆ ಆಯಿತೆಂದರೆ ಅವರ ಪಾಲಿಗೆ ಸ್ಟುಡಿಯೋ ಬಾಗಿಲು ಮುಚ್ಚುತ್ತದೆ. ಚೆನ್ನಾಗಿ ಕೆಲಸ ಮಾಡುವವರು ಕೈಬಿಡುವುದು ಓದುವಾಗಲ್ಲ, ಮುಗಿದ ಮರುವರ್ಷ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ತಪ್ಪು ನಿನ್ನದು ಅಂತ ಕೊರಗಬೇಡ.

ಈಗ ಕೆಲಸದ ಮಾತು. ಎಚಿಂಗ್‌ಗೆ ಪ್ರೆಸ್ ಬೇಕೇ ಬೇಕು. ಗೆರೆಯ ಒಳಗೆ ಕೂತ ಇಂಕು ಕಾಗದಕ್ಕೆ ಹತ್ತಬೇಕಾದರೆ ಕೈಯ ಬಲ ಸಾಲದು. ಮರ ಕೆತ್ತಿ ಅಚ್ಚು ತೆಗೆಯುವ ವುಡ್‌ಕಟ್ ಹಾಗಲ್ಲ. ಅಲ್ಲಿ ಇಂಕು ಮೇಲೆಯೇ ಇರುತ್ತದೆ. ನಿಮ್ಮೂರ ಬಡಿಗೇರರ ಹತ್ತಿರ ಪ್ಲೈವುಡ್ ತುಂಡು ಕೇಳು. ಉಳಿ ಮಸೆಯುವುದನ್ನೂ ಅವರಿಂದಲೇ ಕಲಿ, ಅವರಷ್ಟು ಚೆನ್ನಾಗಿ ಯಾವ ಕಾಲೇಜೂ ಕಲಿಸುವುದಿಲ್ಲ. ಆಫ್‌ಸೆಟ್ ಪ್ರೆಸ್ಸಿನವರಿಂದ ಸ್ವಲ್ಪ ಕಪ್ಪು ಇಂಕು ತಂದುಕೋ. ಇಂಕು ಹಚ್ಚಲು ಒಂದು ಸಣ್ಣ ರಬ್ಬರ್ ರೋಲರ್ ಬೇಕು. ತೆಳು ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಒಂದು ಮೂಲೆಯಿಂದ ಶುರುಮಾಡಿ ನಿಧಾನವಾಗಿ ತಿಕ್ಕು. ನಡುನಡುವೆ ಕಾಗದದ ತುದಿ ಎತ್ತಿ ನೋಡು. ಇಂಕು ಹತ್ತದ ಕಡೆ ಮತ್ತೆ ತಿಕ್ಕಬಹುದು. ಪ್ರೆಸ್ಸಿನಲ್ಲಿ ಈ ಅನುಕೂಲ ಇಲ್ಲ.

ಇನ್ನೊಂದು. ನೀನು ಕಾಯುತ್ತಿರುವ ಕಣವನ್ನೇ ನೋಡು. ಬ್ಯಾಡಗಿ ಮೆಣಸಿನಕಾಯಿಯ ಆ ಸುಕ್ಕು, ಆ ಕೆಂಪು! ಕಪ್ಪಿಗೊಂದು ಬ್ಲಾಕ್, ಕೆಂಪಿಗೊಂದು ಬ್ಲಾಕ್ ಕೆತ್ತು. ಮೊದಲ ಪ್ರಿಂಟ್ ಹೇಗೇ ಬಂದಿರಲಿ, ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಲ್ಲಿ ಕಳಿಸು.

ಹಾಗೇ, ಕೇಂದ್ರ ಸಂಸ್ಕೃತಿ ಸಚಿವಾಲಯ ದಿಲ್ಲಿಯ ಸಿ.ಸಿ.ಆರ್.ಟಿ. (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಮೂಲಕ ಯುವ ಕಲಾವಿದರಿಗೆ ಶಿಷ್ಯವೇತನ ಕೊಡುತ್ತದೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದೃಶ್ಯಕಲೆಯೂ ಅದರಲ್ಲಿ ಸೇರಿದೆ. ಅರ್ಜಿ ಕರೆದಾಗ ಬಿಡಬೇಡ. ಅದಕ್ಕೆ ನಿನ್ನ ಗುರುಗಳ ನೆರವು ಬೇಕಾಗುತ್ತದೆ. ಫೋನ್ ಮಾಡಲು ಸಂಕೋಚಪಡಬೇಡ. ಹಳೆಯ ವಿದ್ಯಾರ್ಥಿ ನೆನೆಸಿಕೊಂಡು ಫೋನ್ ಮಾಡಿದರೆ ನಮಗೆ ಎಷ್ಟು ಖುಷಿ ಅಂತ ನಿಮಗ್ಯಾರಿಗೂ ಗೊತ್ತಿಲ್ಲ.

ಪ್ರಶ್ನೆ: ನಾವು 1998ರ ಬ್ಯಾಚಿನ 14 ಜನ. ಕೆಲವರು ಅನಿಮೇಶನ್, ಕೆಲವರು ಜಾಹೀರಾತು, ಇಬ್ಬರು ಡ್ರಾಯಿಂಗ್ ಮೇಷ್ಟ್ರು. ಎಲ್ಲ ಸೇರಿ 70,000 ರೂಪಾಯಿ ಕೂಡಿಸಿದ್ದೇವೆ. ತೀರಿಕೊಂಡ ಗುರುಗಳ ಹೆಸರಲ್ಲಿ ಕಾಲೇಜಿನಲ್ಲಿ ಚಿನ್ನದ ಪದಕ ಇಡಬೇಕೆಂದಿದ್ದೇವೆ. ನಿಮ್ಮ ಸಲಹೆ ಏನು?
– ಹುಬ್ಬಳ್ಳಿಯ ಓದುಗರು

ಉತ್ತರ: ಸರ್, ಬೇಸರ ಮಾಡಿಕೊಳ್ಳಬೇಡಿ, ಪದಕ ಬೇಡ ಅನ್ನುತ್ತೇನೆ. 70,000 ಠೇವಣಿ ಇಟ್ಟರೆ, ಶೇಕಡ 7 ಬಡ್ಡಿ ಹಿಡಿದರೂ ವರ್ಷಕ್ಕೆ 4,900. ಅಷ್ಟಕ್ಕೆ ಚಿನ್ನದ ನೀರು ಕುಡಿಸಿದ ಪದಕ ಬರಬಹುದು. ಪದಕ ಪಡೆದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಪ್ರದರ್ಶನಕ್ಕೆ ಫ್ರೇಮ್ ಹಾಕಿಸಲು ದುಡ್ಡಿಲ್ಲದೆ ಕ್ಯಾನ್ವಾಸ್ ಸುರುಳಿ ಸುತ್ತಿಕೊಂಡು ಬಸ್ ಹತ್ತಿ ಊರಿಗೆ ಹೋದಳು. ಅವತ್ತು ನನ್ನ ಕೈಯಲ್ಲೂ ಏನೂ ಮಾಡಲಾಗಲಿಲ್ಲ. ಇವತ್ತಿಗೂ ಅದು ಕೊರೆಯುತ್ತದೆ.

ಮೇಲಿನ ಪತ್ರ ನೋಡಿದಿರಲ್ಲ? ನಿಮ್ಮ ಪತ್ರವೂ ಅದೂ ಒಂದೇ ವಾರ ಬಂದವು. ಗದಗಕ್ಕೆ ಮುದ್ರಣ ಕಾಶಿ ಅಂತಲೇ ಹೆಸರು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಪ್ರೂಫ್ ಪ್ರೆಸ್ (ಕರಡಚ್ಚು ತೆಗೆಯುವ ಯಂತ್ರ) ಅಲ್ಲಿ ಯಾವುದಾದರೂ ಮೂಲೆಯಲ್ಲಿ ಉಳಿದಿದೆಯಾ ವಿಚಾರಿಸಿ, ಗುಜರಿಗೆ ಹೋಗುವ ಮುಂಚೆ. ವುಡ್‌ಕಟ್, ಲಿನೋಲಿಯಂ ಹಾಳೆ ಕೆತ್ತಿ ತೆಗೆಯುವ ಲಿನೋಕಟ್ ಅದರಲ್ಲಿ ಚಂದ ಬರುತ್ತವೆ. ಧಾರವಾಡದಲ್ಲಿ ಒಂದು ಕೋಣೆ ಹಿಡಿದು ಅದನ್ನು ಇಡಿ. ತಲಾ 500 ಹಾಕಿದರೆ ತಿಂಗಳಿಗೆ 7,000 ಆಯಿತು. ಸಣ್ಣ ಕೋಣೆಯ ಬಾಡಿಗೆ, ಕರೆಂಟು, ಇಂಕು ಅಷ್ಟರಲ್ಲೇ ನೋಡಿಕೊಳ್ಳಬಹುದು. ಓದು ಮುಗಿಸಿದವರಿಗೆ ಒಂದು ವರ್ಷ ಕೀಲಿ ಕೊಡಿ. ಗುರುಗಳ ಹೆಸರು ಆ ಕೋಣೆಗೆ ಇಡಿ.

ದುಡ್ಡಿಗಿಂತ ಜಾಸ್ತಿ ನಿಮ್ಮ ಭಾನುವಾರ ಬೇಕು. ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಬಂದು ಹುಡುಗರ ಕೆಲಸ ನೋಡಬೇಕು. ಪೋರ್ಟ್‌ಫೋಲಿಯೋ ಹೇಗೆ ಜೋಡಿಸುವುದು, ಕೊಟೇಶನ್ ಹೇಗೆ ಬರೆಯುವುದು, ಅಡ್ವಾನ್ಸ್ ಕೇಳದೆ ಗೋಡೆಗೆ ಯಾಕೆ ಬಣ್ಣ ಹಚ್ಚಬಾರದು. ಇದನ್ನೆಲ್ಲ ನಾವು ತರಗತಿಯಲ್ಲಿ ಹೇಳಿಕೊಡಲಿಲ್ಲ. ನೀವು ಪೆಟ್ಟು ತಿಂದೇ ಕಲಿತಿರಿ, ಅಲ್ವಾ?

ಹಣದ ಲೆಕ್ಕ ಇಬ್ಬರ ಸಹಿಯಲ್ಲಿರಲಿ. ನೆರವು ಪಡೆದವರನ್ನು ವೇದಿಕೆಗೆ ಕರೆದು ಫೋಟೊ ಮಾತ್ರ ತೆಗೆಸಬೇಡಿ, ದಯವಿಟ್ಟು.

ನಮ್ಮ ಕಡೆಗೆ ಇದು ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಪಾಠದ ಜೊತೆಗೆ ಊಟ, ವಸತಿಯನ್ನೂ ಕೊಟ್ಟರು. ಬರೀ ಪಾಠ ಕೊಟ್ಟಿದ್ದರೆ ಎಷ್ಟು ಮಕ್ಕಳು ಅಲ್ಲಿ ನಿಲ್ಲುತ್ತಿದ್ದರು?

ಒಪ್ಪಿದರೆ ಪತ್ರಿಕೆಗೆ ತಿಳಿಸಿ. ಆ ಹುಡುಗನನ್ನು ಕೇಳಿ, ಅವನ ನಂಬರ್ ನಿಮಗೆ ಕೊಡಿಸುತ್ತೇನೆ.

ಪ್ರಶ್ನೆ: ಮಗಳು ಪಿ.ಯು.ಸಿ. ಮುಗಿಸಿ ಧಾರವಾಡದಲ್ಲಿ ಸಂಗೀತ ಪದವಿ ಓದುತ್ತೇನೆ ಅನ್ನುತ್ತಾಳೆ. ಖರ್ಚು ಹೇಗೆ, ಮುಂದೆ ದಾರಿ ಏನು?
– ಗದಗದ ತಾಯಿ

ಉತ್ತರ: ಕಳಿಸಿ, ಅಕ್ಕಾ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್‌ಗೆ ಬೇರೆ ಅರ್ಜಿ, ಅದನ್ನು ಮರೆಯಬೇಡಿ. ಕಾಯಂ ಕೆಲಸ ಕಡಿಮೆ, ಸುಳ್ಳು ಹೇಳುವುದಿಲ್ಲ. ಆದರೆ ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಇದೆ. ಮೊದಲು ಯುವವಾಣಿಯಲ್ಲಿ ಹಾಡಲಿ, ಆಮೇಲೆ ಆಡಿಷನ್ ಕೊಡಲಿ. ಗ್ರೇಡ್ ಬಂದರೆ ಕಛೇರಿಗೂ ಪಾಠಕ್ಕೂ ಜನ ಕರೆಯುತ್ತಾರೆ. ಹಾಸ್ಟೆಲ್ ಸೀಟು ಹಿಡಿಯುವ ಮುಂಚೆ ಒಂದು ಮಾತು ಕೇಳಿ: ಬೆಳಿಗ್ಗೆ ಐದಕ್ಕೆ ಎದ್ದು ರಿಯಾಜ್ ಮಾಡಲು ಅಲ್ಲಿ ಬಿಡುತ್ತಾರಾ?