ಕ್ವಾರಿಯೊಳಗಿನ ಪೀಪಾಯಿಗಳು

ಓದುಗರ ಪತ್ರ (ಸಂಕ್ಷಿಪ್ತ ರೂಪ): ನಮ್ಮೂರಿನ ಹಳೆಯ ಕಲ್ಲುಕ್ವಾರಿಗೆ ಸುಮಾರು ಹದಿನೈದು ವರ್ಷ ಪಟ್ಟಣದ ಕಸ ತಂದು ಸುರಿದರು. ರಾತ್ರಿ ಹೊತ್ತು ಕಾರ್ಖಾನೆಗಳ ಪೀಪಾಯಿಗಳೂ ಬಣ್ಣಬಣ್ಣದ ಗಸಿಯೂ ಬಂದು ಬೀಳುತ್ತಿದ್ದವು. ಮೂರು ವರ್ಷದ ಹಿಂದೆ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ಈಗ ಅದರ ಮೇಲೆ ಎರಡು ಅಡಿ ಮಣ್ಣು ಹರಡಿ, ಗಿಡ ನೆಟ್ಟು, ಉದ್ಯಾನ ಮಾಡುತ್ತಾರಂತೆ, ನಕ್ಷೆಯಲ್ಲಿ ಸಾಲುಮರಗಳನ್ನೂ ಬರೆದಿದ್ದಾರೆ. ಊರಿನಲ್ಲಿ ಎರಡು ಪಕ್ಷಗಳಾಗಿವೆ. ಉದ್ಯಾನವಾದರೆ ಸಾಕಪ್ಪಾ ಎನ್ನುವವರು ಕೆಲವರು, ಎಲ್ಲವನ್ನೂ ಅಗೆದು ಹೊರಗೆ ಸಾಗಿಸಲಿ ಎನ್ನುವವರು ಉಳಿದವರು. ಯಾರ ಮಾತು ಸರಿ? ಮಳೆ ಬಿದ್ದ ವಾರ ನಮ್ಮ ತೋಟದ ಕೊಳವೆಬಾವಿಯ ನೀರು ಬೆಲ್ಲದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಪಕ್ಕದವರದು ತಿಳಿಯಾಗಿಯೇ ಇರುತ್ತದೆ. ಆ ನೀರು ಕುಡಿಯಬಹುದೇ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಕಾಯುವಂಥದ್ದಲ್ಲ. ಕುಡಿಯಬೇಡಿ. ಪರೀಕ್ಷೆಯ ವರದಿ ಕೈಗೆ ಬರುವ ತನಕ ಅಡುಗೆಗೂ ಬಳಸಬೇಡಿ. ಚೆನ್ನಾಗಿ ಕುದಿಸಿದರೆ ಆಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕುದಿಸಿದರೆ ಸಾಯುವುದು ಕ್ರಿಮಿಗಳು ಮಾತ್ರ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳು ಪಾತ್ರೆಯಲ್ಲೇ ಉಳಿಯುತ್ತವೆ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಇನ್ನೊಂದು ಎಚ್ಚರ ಬೇಕು. ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ರಿಮಿ ಎಂದು ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಕಾರ್ಖಾನೆಯ ದ್ರಾವಕಗಳು, ಅಂದರೆ ಬಣ್ಣ, ಜಿಡ್ಡು ಕರಗಿಸಲು ಬಳಸುವ ರಾಸಾಯನಿಕ ದ್ರವಗಳು, ಕಾಣುವುದಿಲ್ಲ. ಭಾರಲೋಹಗಳನ್ನೂ ಸಾವಯವ ದ್ರಾವಕಗಳನ್ನೂ ನೋಡಬೇಕು ಎಂದು ಅರ್ಜಿಯಲ್ಲಿ ಬರೆದುಕೊಡಿ. ಬರೆಯದಿದ್ದರೆ ‘ಕುಡಿಯಲು ಯೋಗ್ಯ’ ಎಂಬ ಮುದ್ರೆಯೇ ಬಿದ್ದು ಬರಬಹುದು, ಆಮೇಲೆ ಆ ಒಂದು ಕಾಗದ ನಿಮ್ಮ ಬಾಯಿ ಕಟ್ಟುತ್ತದೆ.

ಪಕ್ಕದವರ ಬಾವಿ ತಿಳಿಯಾಗಿದೆ ಎನ್ನುವುದರಿಂದ ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಮರಳಿನಲ್ಲಿ ಹರಡುವ ಹಾಗೆ ನೀರು ಅಲ್ಲಿ ಸಮನಾಗಿ ಹರಡುವುದಿಲ್ಲ, ಬಿರುಕು ಹಿಡಿದು ಓಡುತ್ತದೆ. ಕ್ವಾರಿಯಲ್ಲಿ ವರ್ಷಗಟ್ಟಲೆ ಸಿಡಿಮದ್ದು ಇಟ್ಟಾಗ ಆ ಬಿರುಕುಗಳು ಇನ್ನಷ್ಟು ಬಾಯಿ ತೆರೆದಿರುತ್ತವೆ. ನಿಮ್ಮ ಕೊಳವೆಬಾವಿ ಅಂಥ ಒಂದು ಬಿರುಕನ್ನು ಮುಟ್ಟಿದೆ, ಅವರದು ಮುಟ್ಟಿಲ್ಲ, ಅಷ್ಟೇ. ಮೂವತ್ತು ಅಡಿ ದೂರದ ಬಾವಿ ಚೆನ್ನಾಗಿದ್ದು ಅರ್ಧ ಮೈಲಿ ಆಚೆಯದು ಕೆಟ್ಟಿರುವುದೂ ಉಂಟು. ಕ್ಲೋರಿನ್ ಬೆರೆತ ಕೆಲವು ದ್ರಾವಕಗಳು ನೀರಿಗಿಂತ ಭಾರವಾದವು. ಅವು ತೇಲದೆ ಕೆಳಗೆ ಇಳಿದು ಬಂಡೆಯ ಸಂದಿಯಲ್ಲಿ ಕುಳಿತು, ದಶಕಗಳ ಕಾಲ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತವೆ.

ಇನ್ನು ಎರಡು ಅಡಿ ಮಣ್ಣಿನ ವಿಷಯ. ಕಳೆದ ವರ್ಷ ಮಳೆ ನಿಂತ ಮರುದಿನ ಇಂಥದೇ ಒಂದು ಮುಚ್ಚಿದ ಕಸದ ಗುಡ್ಡದ ಬುಡದಲ್ಲಿ ನಾನು ನಿಂತಿದ್ದೆ. ಮೇಲೆ ಹಸಿರು ಹುಲ್ಲು, ನಡುನಡುವೆ ಹೂವು ಬಿಟ್ಟ ತಂಗಡಿ. ನೋಡಿದರೆ ದನ ಮೇಯಿಸಲು ಹೇಳಿ ಮಾಡಿಸಿದ ದಿಣ್ಣೆ ಎನ್ನಬೇಕು. ಬುಡದಲ್ಲಿ ಮಾತ್ರ ಕಲ್ಲುಗಳ ಸಂದಿಯಿಂದ ಕಾಫಿ ಡಿಕಾಕ್ಷನ್‌ನಂಥ ಕಪ್ಪು ನೀರು ಬೆರಳು ದಪ್ಪಕ್ಕೆ ಒಸರುತ್ತಿತ್ತು. ಅದರ ಮೇಲೆ ನವಿಲುಗರಿಯ ಬಣ್ಣದ ತೆಳು ಪೊರೆ. ಅದು ಹರಿದ ದಾರಿಯ ಕಲ್ಲುಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಇಪ್ಪತ್ತು ಹೆಜ್ಜೆ ಕೆಳಗೆ ಅದು ಒಂದು ಕಾಲುವೆ ಸೇರುತ್ತಿತ್ತು, ಕಾಲುವೆ ಕೆರೆಗೆ. ಲಿಚೆಟ್ ಎಂದು ಇಂಜಿನಿಯರುಗಳು ಕರೆಯುವುದು ಇದನ್ನೇ: ಮಳೆನೀರು ಕಸದೊಳಗೆ ಇಳಿದು, ಸಿಕ್ಕಿದ್ದನ್ನೆಲ್ಲ ತೊಳೆದುಕೊಂಡು ಹೊರಬರುವ ರಸ. ಗುಡ್ಡದೊಳಗೆ ನೀರು ಇಳಿಯುತ್ತಿರುವವರೆಗೆ ಈ ರಸ ನಿಲ್ಲುವುದಿಲ್ಲ. ಸಡಿಲ ಮಣ್ಣು ಎರಡಲ್ಲ, ನಾಲ್ಕು ಅಡಿ ಹಾಕಿದರೂ ನೀರು ಇಳಿಯುತ್ತದೆ.

ಮುಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಗುಡ್ಡಕ್ಕೆ ಇಳಿಜಾರು ಕೊಟ್ಟು, ಸುಮಾರು ಎರಡು ಅಡಿ ಜೇಡಿಮಣ್ಣನ್ನು ಪದರಪದರವಾಗಿ ರೋಲರ್ ಹೊಡೆದು ಬಿಗಿ ಮಾಡಬೇಕು. ವಿಷಕಾರಿ ತ್ಯಾಜ್ಯವಿದ್ದಲ್ಲಿ ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಅಂಚು ಬೆಸೆದು ಹಾಸಬೇಕು. ಆಮೇಲೆ ನೀರು ಪಕ್ಕಕ್ಕೆ ಹರಿದುಹೋಗಲು ಜಲ್ಲಿಯ ಪದರ, ಕೊನೆಗೆ ಹುಲ್ಲು ಬೆಳೆಯುವಷ್ಟು ಮೇಲ್ಮಣ್ಣು. ಹುಲ್ಲು ಎಂದೆ, ಮರ ಎನ್ನಲಿಲ್ಲ. ಅರಳಿ, ಆಲ, ಹೊಂಗೆಯ ಬೇರುಗಳಿಗೆ ಕೋಟೆಯ ಗೋಡೆಯೇ ಲೆಕ್ಕಕ್ಕಿಲ್ಲ, ಜೇಡಿಮಣ್ಣು ಯಾವ ಲೆಕ್ಕ? ಹೆಗ್ಗಣದ ಬಿಲವೂ ಸಾಕು. ಉದ್ಯಾನದ ನಕ್ಷೆಯಲ್ಲಿ ಸಾಲುಮರಗಳನ್ನು ಬರೆದಿದ್ದಾರೆ ಎಂದು ನೀವು ಹೇಳಿದ್ದೀರಿ. ಆ ನಕ್ಷೆ ಬರೆದವರು ಕೆಳಗೆ ಏನಿದೆ ಎಂದು ಯೋಚಿಸಿಯೇ ಇಲ್ಲ.

ಮುಚ್ಚಿ ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನಯಾಗರ ಫಾಲ್ಸ್ ಪಟ್ಟಣದ ಲವ್ ಕೆನಾಲ್‌ಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಅದು 1890ರ ದಶಕದಲ್ಲಿ ತೋಡಲು ಆರಂಭಿಸಿ ಅರ್ಧಕ್ಕೇ ಬಿಟ್ಟ ಕಾಲುವೆ. ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಅದರಲ್ಲಿ 20,000 ಟನ್ನಿಗೂ ಹೆಚ್ಚು ರಾಸಾಯನಿಕ ತ್ಯಾಜ್ಯವನ್ನು ಹೂಳಿತು. ಆಮೇಲೆ ಜೇಡಿಮಣ್ಣು ಮುಚ್ಚಿ, ಆ ಜಾಗವನ್ನು ಶಾಲಾ ಮಂಡಳಿಗೆ ಒಂದೇ ಒಂದು ಡಾಲರಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕವಿದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಮಾತು ಆ ಕ್ರಯಪತ್ರದಲ್ಲೇ ಇತ್ತು. ಆದರೂ ಅಲ್ಲಿ ಪ್ರಾಥಮಿಕ ಶಾಲೆ ಎದ್ದಿತು, ಸುತ್ತ ಮನೆಗಳಾದವು. ರಸ್ತೆ, ಒಳಚರಂಡಿ ಎಂದು ಅಗೆಯುವಾಗ ಮುಚ್ಚಿಗೆಯ ಜೇಡಿಮಣ್ಣು ಒಡೆಯಿತು. ಮೈದಾನದಲ್ಲಿ ಆಡುವ ಮಕ್ಕಳಿಗೆ ಎಸೆದರೆ ಕಿಡಿ ಹಾರುವ ಕಲ್ಲುಗಳು ಸಿಗುತ್ತಿದ್ದವು. ಅವು ರಂಜಕದ ಉಂಡೆಗಳು. ಹಿಮ, ಮಳೆ ವಿಪರೀತವಾಗಿ ಬಿದ್ದ 1970ರ ದಶಕದ ಕೊನೆಯ ವರ್ಷಗಳಲ್ಲಿ ಹಂಡೆ ತುಂಬಿ ತುಳುಕುವ ಹಾಗೆ ಕಾಲುವೆ ತುಂಬಿತು, ಕಪ್ಪು ರಸ ಮನೆಗಳ ನೆಲಮಾಳಿಗೆಯ ಗೋಡೆಗಳಲ್ಲಿ ಜಿನುಗಿತು.

ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯ ಮಗ ಆ ಶಾಲೆಗೆ ಹೋಗುತ್ತಿದ್ದ, ಪದೇಪದೇ ಕಾಯಿಲೆ ಬೀಳುತ್ತಿದ್ದ. ಆಕೆ ಮನೆಮನೆಯ ಬಾಗಿಲು ತಟ್ಟಿ ಯಾರ ಮನೆಯಲ್ಲಿ ಯಾವ ಕಾಯಿಲೆ ಎಂದು ಬರೆದುಕೊಂಡಳು, ಅಕ್ಕಪಕ್ಕದವರನ್ನು ಸೇರಿಸಿ ಸಂಘ ಕಟ್ಟಿದಳು. 1978ರ ಆಗಸ್ಟ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆಯೂ ಅಧ್ಯಕ್ಷ ಕಾರ್ಟರ್ ಅವರೂ ತುರ್ತುಸ್ಥಿತಿ ಸಾರಿದರು. ಮೊದಲು ಕಾಲುವೆಗೆ ಹತ್ತಿರದ ಕುಟುಂಬಗಳನ್ನು, ಎರಡು ವರ್ಷದ ಬಳಿಕ ಸುತ್ತಲಿನ ನೂರಾರು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿದರು. ಕಲುಷಿತ ಜಾಗಗಳನ್ನು ಶುಚಿ ಮಾಡಿಸಿ, ಕೆಡಿಸಿದವರಿಂದಲೇ ವಸೂಲು ಮಾಡುವ ‘ಸೂಪರ್‌ಫಂಡ್’ ಕಾನೂನು 1980ರಲ್ಲಿ ಬಂದದ್ದು ಈ ಹೋರಾಟದ ಬೆನ್ನಿಗೇ.

ಅಲ್ಲಿಯ ತ್ಯಾಜ್ಯವನ್ನು ಕೊನೆಗೆ ಏನು ಮಾಡಿದರು ಗೊತ್ತೇ? ಅಗೆದು ತೆಗೆಯಲಿಲ್ಲ. ಇಂದಿಗೂ ಅದು ಅಲ್ಲೇ ಇದೆ. ಮೇಲೆ 40 ಎಕರೆಯಷ್ಟು ಅಗಲಕ್ಕೆ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಮುಚ್ಚಿಗೆ, ಸುತ್ತ ರಸ ಹಿಡಿಯುವ ಕಾಲುವೆ, ಅದನ್ನು ಪಂಪಿನಿಂದ ಎತ್ತಿ ಶುದ್ಧೀಕರಿಸುವ ಘಟಕ, ಹೊರಗೆ ಬೇಲಿ, ಬೇಲಿಯ ಸುತ್ತ ನೀರು ನೋಡುವ ಬಾವಿಗಳು. 2004ರಲ್ಲಿ ಆ ಜಾಗವನ್ನು ಸೂಪರ್‌ಫಂಡ್‌ನ ರಾಷ್ಟ್ರೀಯ ಆದ್ಯತೆಯ ಪಟ್ಟಿಯಿಂದ, ಅಂದರೆ ಮೊದಲು ಶುಚಿ ಮಾಡಬೇಕಾದ ಜಾಗಗಳ ಪಟ್ಟಿಯಿಂದ, ಕೈಬಿಟ್ಟರು, ಆದರೆ ಪಂಪು ನಿಲ್ಲಿಸಲಿಲ್ಲ. ಐದೈದು ವರ್ಷಕ್ಕೊಮ್ಮೆ ಪರಿಶೀಲನೆ ಈಗಲೂ ನಡೆಯುತ್ತದೆ. ಮೊದಲ ಸಲ ಹಾಕಿದ್ದೂ ಜೇಡಿಮಣ್ಣೇ, ಎರಡನೆಯ ಸಲ ಹಾಕಿದ್ದೂ ಜೇಡಿಮಣ್ಣೇ. ಮೊದಲನೆಯದಕ್ಕೆ ಕಾಯುವವರು ಇರಲಿಲ್ಲ. ನಿಮ್ಮೂರಿನ ಎರಡೂ ಪಕ್ಷದವರು ನೋಡಬೇಕಾದದ್ದು ಇದನ್ನು. ಮುಚ್ಚುವುದೋ ಅಗೆಯುವುದೋ ಎಂದು ಜಗಳವಾಡುವ ಮುಂಚೆ, ಮೂವತ್ತು ವರ್ಷದ ಬಳಿಕ ಆ ಪಂಪಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳಿ.

ಅಗೆದು ಸಾಗಿಸಿ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಅದು ಆಗದ ಕೆಲಸವೂ ಅಲ್ಲ. ಸ್ವಿಟ್ಜರ್ಲೆಂಡಿನ ಕೊಲಿಕೆನ್ ಎಂಬ ಊರಿನಲ್ಲಿ ಮಾಡಿ ತೋರಿಸಿದ್ದಾರೆ. ಹಳೆಯ ಜೇಡಿಮಣ್ಣಿನ ಗುಂಡಿಯೊಂದರಲ್ಲಿ 1978ರಲ್ಲಿ ವಿಷತ್ಯಾಜ್ಯ ಹೂಳುವ ಭೂಭರ್ತಿ ತೆರೆದರು. ವಾಸನೆ, ಸೋರಿಕೆ ತಾಳಲಾರದೆ ಊರಿನ ಆಡಳಿತವೇ 1985ರಲ್ಲಿ ಬಾಗಿಲು ಹಾಕಿಸಿತು. ಮೊದಲು ರಸ ಹಿಡಿಯುವ ಕೆಲಸಗಳಿಗೇ ವರ್ಷಗಳು ಹೋದವು. ಅಗೆತ ಶುರುವಾದದ್ದು 2007ರಲ್ಲಿ, ಮುಗಿದದ್ದು 2015ರಲ್ಲಿ. ಆ ಗುಂಡಿಯ ಮೇಲೆ, ಒಳಗೆ ಒಂದು ಕಂಬವೂ ಇಲ್ಲದಂತೆ, ಬಿಳಿಯ ಕಮಾನುಗಳಿಂದ ತೂಗುಬಿಟ್ಟ ಭಾರೀ ಛಾವಣಿ ಕಟ್ಟಿದರು. ವಿಷದ ಗಾಳಿ ಹೊರಗೆ ನುಸುಳದಂತೆ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಟ್ಟು, ಹೀರಿದ ಗಾಳಿಯನ್ನು ಸೋಸಿಯೇ ಬಿಟ್ಟರು. ಹೀಗೆ ತೆಗೆದದ್ದು ಆರು ಲಕ್ಷ ಟನ್ನಿಗೂ ಹೆಚ್ಚು. ಒಟ್ಟು ಖರ್ಚು ಸುಮಾರು 90 ಕೋಟಿ ಸ್ವಿಸ್ ಫ್ರಾಂಕ್, ಅದರ ಬಹುಪಾಲು ಬಿದ್ದದ್ದು ಭೂಭರ್ತಿಯ ಪಾಲುದಾರರಾಗಿದ್ದ ಸರ್ಕಾರಗಳ ತಲೆಯ ಮೇಲೆ. ಅದೇ ದೇಶದ ಬೋನ್‌ಫೋಲ್‌ನಲ್ಲಿ ಇಂಥದೇ ಅಗೆತದ ನಡುವೆ 2010ರ ಜುಲೈನಲ್ಲಿ ಸ್ಫೋಟವಾಗಿ ಕೆಲಸಗಾರರೊಬ್ಬರು ಗಾಯಗೊಂಡರು, ಕೆಲಸ ತಿಂಗಳುಗಟ್ಟಲೆ ನಿಂತಿತು. ಅಷ್ಟೆಲ್ಲ ಸಿದ್ಧತೆಯಿದ್ದ ಕಡೆಯೇ ಹೀಗಾಯಿತು. ಜೆಸಿಬಿ ತಂದು, ಮುಖಕ್ಕೆ ಟವೆಲ್ ಕಟ್ಟಿಕೊಂಡ ಹುಡುಗರನ್ನು ನಿಮ್ಮ ಕ್ವಾರಿಗೆ ಇಳಿಸಿದರೆ ಏನಾದೀತು ಎಂದು ನೆನೆದರೆ ನನಗೆ ಕೈಕಾಲು ಆಡುವುದಿಲ್ಲ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಅಗೆದದ್ದನ್ನು ಒಯ್ಯುವುದು ಎಲ್ಲಿಗೆ ಎಂಬ ಪ್ರಶ್ನೆಯೂ ಇದೆ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯೊಳಗೆ ದಾಸ್ತಾನಿದ್ದ 337 ಟನ್ ತ್ಯಾಜ್ಯ ಅಲ್ಲಿಂದ ಹೊರಟದ್ದು ದುರಂತವಾಗಿ ನಲವತ್ತು ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ. ಅದನ್ನು ಸುಡಲು ಒಯ್ದ ಪೀಥಂಪುರದ ಜನ ಬೀದಿಗಿಳಿದರು. ನಮ್ಮೂರಿಗೇಕೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಆಮೇಲೆ ಅದೆಲ್ಲವನ್ನೂ ಸುಟ್ಟರು. ಆದರೆ ಆ 337 ಟನ್ ಕಣ್ಣಿಗೆ ಕಾಣುವಂತೆ ಇಟ್ಟಿದ್ದ ತ್ಯಾಜ್ಯ. ಕಾರ್ಖಾನೆಯ ಆವರಣದ ಮಣ್ಣಿನಲ್ಲೂ ಹೊರಗಿನ ಹಳೆಯ ಹೊಂಡಗಳಲ್ಲೂ ಹೂತುಹೋದದ್ದು ಅದರ ಲೆಕ್ಕದಲ್ಲಿಲ್ಲ.

ನಮ್ಮಲ್ಲಿ ಈಗ ಪಟ್ಟಣಪಟ್ಟಣದಲ್ಲೂ ಬಯೋಮೈನಿಂಗ್ ನಡೆಯುತ್ತಿದೆ. ಹಳೆಯ ಕಸವನ್ನು ಕೆದಕಿ, ಒಣಗಿಸಿ, ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್, ಕಲ್ಲು ಎಂದು ಬೇರ್ಪಡಿಸುವ ಕೆಲಸ. ಬರಿಯ ಊರ ಕಸವಾದರೆ ಒಳ್ಳೆಯದೇ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಬೀದಿಗಿಳಿದು ಆ ಗುಡ್ಡಗಳಿಗೆ ಕಸದ ಲಾರಿ ಬರುವುದನ್ನು ನಿಲ್ಲಿಸಿ ಹತ್ತು ವರ್ಷದ ಮೇಲಾಯಿತು. ಲಾರಿ ನಿಂತ ಮಾತ್ರಕ್ಕೆ ಕಸ ಮಾಯವಾಗಲಿಲ್ಲ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಾರ್ಖಾನೆಯ ಪೀಪಾಯಿ ಬೆರೆತ ಕ್ವಾರಿಯನ್ನು ಬಯಲಿನಲ್ಲಿ ಜರಡಿ ಹಿಡಿಯಬಾರದು. ದೂಳು ಊರ ಮೇಲೆ ಹಾರುತ್ತದೆ, ಗೊಬ್ಬರವೆಂದು ಒಯ್ದ ಮಣ್ಣು ಸೀಸ, ಕ್ಯಾಡ್ಮಿಯಂ ಸಮೇತ ರಾಗಿ ಹೊಲ ಸೇರುತ್ತದೆ. ಟೆಂಡರಿನಲ್ಲಿ ಬಯೋಮೈನಿಂಗ್ ಎಂಬ ಪದ ಕಂಡರೆ ಕೂಡಲೇ ಆಕ್ಷೇಪಣೆ ಸಲ್ಲಿಸಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಬಚ್ಚಿಡುವುದಿಲ್ಲ. ಒಳಗೆ ಏನಿದೆ ಎಂದು ತಿಳಿಯುವ ಮೊದಲು ಮಣ್ಣೂ ಬೇಡ, ಅಗೆತವೂ ಬೇಡ. ಸದ್ಯಕ್ಕೆ ಬೇಲಿ ಹಾಕಿಸಿ, ದನ ಕುರಿ ಹೋಗದಂತೆ, ಗುಜರಿ ಆಯುವ ಮಕ್ಕಳು ಇಳಿಯದಂತೆ ನೋಡಿಕೊಳ್ಳಿ. ಅಲ್ಲಿ ಬೆಂಕಿ ಹಚ್ಚಲು ಯಾರನ್ನೂ ಬಿಡಬೇಡಿ, ಒಳಗೆ ಹೊತ್ತಿ ಉರಿಯುವ ಮೀಥೇನ್ ಅನಿಲ ಇರುತ್ತದೆ. ಮೇಲಿನಿಂದ ಹರಿದು ಬರುವ ಮಳೆನೀರು ಗುಂಡಿಗೆ ಬೀಳದಂತೆ ಸುತ್ತ ಒಂದು ಕಾಲುವೆ ತೋಡಿಸಿ. ಖರ್ಚು ಕಡಿಮೆ, ಲಾಭ ಹೆಚ್ಚು. ಆಮೇಲೆ ಕ್ವಾರಿಯ ಮೇಲುಭಾಗದಲ್ಲೂ ಇಳಿಜಾರಿನಲ್ಲೂ ಪರೀಕ್ಷಾ ಬಾವಿಗಳು ಬೇಕು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೀರು ತೆಗೆಯಬೇಕು. ಪೀಪಾಯಿಗಳು ಒಂದೇ ಮೂಲೆಯಲ್ಲಿದ್ದರೆ ಆ ಮೂಲೆಯನ್ನಷ್ಟೇ ನುರಿತವರಿಂದ ತೆಗೆಸಿ, ಉಳಿದದ್ದನ್ನು ಸರಿಯಾಗಿ ಮುಚ್ಚುವುದು ಸಾಧ್ಯ. ಬಹಳ ಕಡೆ ಕೊನೆಗೆ ಆಗುವುದು ಹಾಗೆಯೇ.

ಕಾನೂನಿನ ದಾರಿ ಈಗ ಮೊದಲಿಗಿಂತ ತೆರೆದಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿದೆ. ಅದರಂತೆ ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಒಂದು ತೊಡಕಿದೆ. ಬರಿಯ ಊರ ಕಸದ ಗುಡ್ಡ ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ, ರಾಸಾಯನಿಕ ಬೆರೆತು ಮಿತಿ ಮೀರಿದ್ದರೆ ಬರುತ್ತದೆ. ‘ಅದು ಕಸ ಅಷ್ಟೇ’ ಎಂಬ ಉತ್ತರ ನಿಮಗೆ ಖಂಡಿತ ಸಿಗುತ್ತದೆ. ಆದ್ದರಿಂದ ಪೀಪಾಯಿ ಬಿದ್ದದ್ದನ್ನು ಕಂಡವರ ಹೇಳಿಕೆಗಳನ್ನು, ಲಾರಿ ಓಡಿಸಿದವರ ನೆನಪನ್ನು, ಹಳೆಯ ಫೋಟೊಗಳನ್ನು ಈಗಲೇ ಕೂಡಿಸಿ. ಕೆಡಿಸಿದವನೇ ಖರ್ಚು ಭರಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ರಾಜಸ್ಥಾನದ ಬಿಛ್ಡಿ ಗ್ರಾಮದ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ರಾಸಾಯನಿಕ ಕಾರ್ಖಾನೆಗಳ ಗಸಿಯಿಂದ ಬಾವಿಗಳ ನೀರು ಬಣ್ಣಗೆಟ್ಟಿತ್ತು, ನಿಮ್ಮ ಕೊಳವೆಬಾವಿಯ ಹಾಗೆಯೇ. ಆ ತೀರ್ಪಿನ ಬಳಿಕವೂ ಹಣಕ್ಕಾಗಿ ಮತ್ತೆ ಹದಿನೈದು ವರ್ಷ ಕೋರ್ಟಿನಲ್ಲೇ ಕಳೆಯಿತು ಎನ್ನುವುದನ್ನೂ ಹೇಳಬೇಕು.

ಕೊನೆಯದಾಗಿ, ಆ ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿ. ನಮ್ಮ ಪಹಣಿಯ ಹನ್ನೊಂದನೆಯ ಕಾಲಂನಲ್ಲಿ ಐವತ್ತು ಸಾವಿರದ ಬೆಳೆಸಾಲವೂ ದಾಖಲಾಗುತ್ತದೆ. ನೆಲದೊಳಗೆ ಹೂತ ವಿಷ ದಾಖಲಾಗುವುದಿಲ್ಲ. ಜಾಗದಲ್ಲಿ ಏನಿದೆ, ಎಷ್ಟು ಆಳಕ್ಕಿದೆ, ಮೇಲೆ ಏನು ಕಟ್ಟಬಾರದು ಎಂಬುದು ದಾಖಲೆಯಲ್ಲಿ ಬರಬೇಕು, ಗ್ರಾಮಸಭೆಯ ನಡಾವಳಿಯಲ್ಲೂ ಬರಬೇಕು ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಿ. ಲವ್ ಕೆನಾಲ್‌ನ ಕ್ರಯಪತ್ರದಲ್ಲಿ ಬರೆದಿದ್ದೂ ಉಪಯೋಗವಾಗಲಿಲ್ಲವಲ್ಲ ಎಂದು ನೀವು ಕೇಳಬಹುದು. ಆ ಕಾಗದ ಕಪಾಟಿನಲ್ಲಿತ್ತು. ನಿಮ್ಮದು ಗುಂಡಿಯ ನಾಲ್ಕು ಮೂಲೆಯಲ್ಲೂ ಕಲ್ಲಿನ ಮೇಲೆ ಕನ್ನಡದಲ್ಲಿ ಕೆತ್ತಿ ನಿಲ್ಲಲಿ.

ನೀರಿನ ವರದಿ ಬಂದ ದಿನ ಒಂದು ಪ್ರತಿಯನ್ನು ನಮಗೆ ಕಳುಹಿಸಿ. ಅದನ್ನು ಓದಿ ಹೇಳಬಲ್ಲವರು ನಮ್ಮ ಬಳಗದಲ್ಲಿದ್ದಾರೆ. ಸಾಲು ಸಾಲಾಗಿ ಬಿಡಿಸಿ ಬರೆದು ಕಳುಹಿಸುತ್ತೇವೆ.

— ಸಂಪಾದಕ