ಗ್ರೂಪ್ ಇದೆ, ಮಾತುಕತೆ ಇಲ್ಲ: ಗ್ರಂಥಾಲಯದವರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಬಂದಿವೆ. ಮೊಬೈಲ್, ಇಂಟರ್‌ನೆಟ್ ಬಳಸಿ ಊರಿನ ಜನರನ್ನು ಗ್ರಂಥಾಲಯದ ಕೆಲಸದಲ್ಲಿ ಸೇರಿಸಿಕೊಳ್ಳುವುದು ಹೇಗೆ ಅನ್ನೋದೇ ಎಲ್ಲರ ಪ್ರಶ್ನೆ.

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಒಂದು ಅರಿವು ಕೇಂದ್ರದ (ಗ್ರಾಮ ಪಂಚಾಯಿತಿ ಗ್ರಂಥಾಲಯ) ಮೇಲ್ವಿಚಾರಕಿ. ನಮ್ಮ ಕೇಂದ್ರಕ್ಕೆ ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ. ದಿನಾ ಪೇಪರಿನ ಮುಖ್ಯ ಸುದ್ದಿ, ನೌಕರಿ ಜಾಹೀರಾತು ಹಾಕುತ್ತೇನೆ. ಜನ ಗುಡ್ ಮಾರ್ನಿಂಗ್ ಚಿತ್ರ ಹಾಕುತ್ತಾರೆ, ಇಲ್ಲಾ ಗ್ರೂಪ್ ಬಿಟ್ಟು ಹೋಗುತ್ತಾರೆ. ಏನು ಮಾಡಲಿ?

ಮೇಡಂ, ನಿಮ್ಮ ಕೆಲಸದಲ್ಲಿ ಕೊರತೆ ಇಲ್ಲ. ಗ್ರೂಪ್ ನೋಟಿಸ್ ಬೋರ್ಡ್ ಆಗಿಬಿಟ್ಟಿದೆ, ಅಷ್ಟೇ. ನೋಟಿಸ್ ಬೋರ್ಡ್ ಜತೆ ಯಾರೂ ಮಾತಾಡೋದಿಲ್ಲ ಅಲ್ವಾ? ಹೋದ ವಾರ ಹಾಕಿದ್ದನ್ನೆಲ್ಲ ಒಂದು ಸಲ ನೋಡಿ. ಜನ ಉತ್ತರ ಕೊಡಬಹುದಾದ ಪ್ರಶ್ನೆ ಅದರಲ್ಲಿ ಒಂದಾದರೂ ಇದೆಯಾ?

ಮೊದಲು ಎರಡನ್ನೂ ಬೇರೆ ಮಾಡಿ. ಪ್ರಕಟಣೆಗೆ ವಾಟ್ಸಾಪ್ ಚಾನೆಲ್ ತೆರೆಯಿರಿ. ಈ ಸೌಲಭ್ಯ ನಮ್ಮ ದೇಶಕ್ಕೆ 2023ರಲ್ಲಿ ಬಂತು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಚಾನೆಲ್‌ನಲ್ಲಿ ಫಾಲೋ ಮಾಡುವವರ ನಂಬರ್ ಒಬ್ಬರದು ಒಬ್ಬರಿಗೆ ಕಾಣೋದಿಲ್ಲ. ಇದು ಸಣ್ಣ ವಿಷಯ ಅಲ್ಲ. ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ತನ್ನ ನಂಬರ್ ಊರಿನ ಗಂಡಸರಿಗೆಲ್ಲ ಸಿಗೋದು ಇಷ್ಟ ಇರೋದಿಲ್ಲ. ಗ್ರೂಪ್ ಬಿಟ್ಟು ಹೋದವರಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ ನೋಡಿ, ಕಾರಣ ಅಲ್ಲೇ ಇರಬಹುದು.

ಗ್ರೂಪ್ ಚಿಕ್ಕದಾಗಿರಲಿ. ಅಲ್ಲಿ ವಾರಕ್ಕೆ ಒಂದೇ ಪ್ರಶ್ನೆ ಕೇಳಿ. 'ಎಲ್ಲರೂ ಓದಿ, ಬೆಳೆಯಿರಿ' ಅಂದರೆ ಕೈಮುಗಿದ ಚಿಹ್ನೆ ಬರುತ್ತದೆ, ಅಷ್ಟೇ. 'ನಮ್ಮೂರ ಹಳೇ ಬಾವಿ ತೋಡಿಸಿದ್ದು ಯಾರು, ಯಾರಿಗಾದರೂ ಗೊತ್ತಾ?' ಅಂತ ಕೇಳಿ. ನಾಲ್ಕು ಜನ ಉತ್ತರ ಕೊಡುತ್ತಾರೆ, ಐದನೆಯವರು 'ಅಲ್ಲ, ತಪ್ಪು' ಅನ್ನುತ್ತಾರೆ. ಆಗ ಮಾತು ಶುರು. ಟೈಪ್ ಮಾಡೋಕೆ ಬಾರದವರಿಗೆ ಧ್ವನಿ ಸಂದೇಶ ಕಳಿಸಲು ಹೇಳಿ. ಲಂಬಾಣಿಯಲ್ಲಾಗಲಿ, ದಖನಿಯಲ್ಲಾಗಲಿ, ಯಾವ ಭಾಷೆಯಲ್ಲಿ ಬಂದರೂ ಸ್ವಾಗತ ಅಂತ ಮೊದಲೇ ಹೇಳಿಬಿಡಿ.

ನಿಜವಾದ ಕೆಲಸ ಇರೋದು ಆಮೇಲೆ. ಜನ ಹೇಳಿದ್ದರಿಂದ ಗ್ರಂಥಾಲಯದಲ್ಲಿ ಏನಾದರೂ ಬದಲಾಯಿತು ಅನ್ನೋದು ಅವರ ಕಣ್ಣಿಗೆ ಕಾಣಬೇಕು. ಉದಾಹರಣೆಗೆ, ಪುಸ್ತಕ ತರಿಸುವ ಅವಕಾಶ ಬಂದಾಗ 'ಯಾವ ಪುಸ್ತಕ ಬೇಕು?' ಅಂತ ಗ್ರೂಪಿನಲ್ಲಿ ಕೇಳಿ. ಪುಸ್ತಕ ಬಂದ ಮೇಲೆ ಒಳಗಿನ ಪುಟಕ್ಕೆ ಒಂದು ಚೀಟಿ ಅಂಟಿಸಿ: 'ಈ ಪುಸ್ತಕ ಕೇಳಿದವರು ಇಂಥವರು'. ಅವರು ಒಪ್ಪಿದರೆ ಮಾತ್ರ ಹೆಸರು ಹಾಕಿ. ಆ ಪುಟದ ಫೋಟೊ ಗ್ರೂಪಿಗೆ ಕಳಿಸಿ. ತರಿಸಲು ಆಗದಿದ್ದರೆ ಸುಮ್ನೆ ಇರಬೇಡಿ. 'ಈ ಸಲ ದುಡ್ಡು ಸಾಲಲಿಲ್ಲ, ಆದರೆ ಕಲಬುರಗಿಯ ಗ್ರಂಥಾಲಯದಲ್ಲಿ ಇದೆ, ಹೋದಾಗ ನೋಡಿ' ಅಂತ ವಿಚಾರಿಸಿ ತಿಳಿಸಿ. ಇಲ್ಲ ಅನ್ನುವ ಉತ್ತರವನ್ನು ಜನ ಸಹಿಸಿಕೊಳ್ಳುತ್ತಾರೆ. ಉತ್ತರವೇ ಬರದಿದ್ದರೆ ಮತ್ತೆ ಕೇಳೋಕೆ ಬರೋದಿಲ್ಲ. ಆಸ್ತಿ ತೆರಿಗೆ ಜತೆ ಅವರು 6% ಗ್ರಂಥಾಲಯ ಕರ ಕಟ್ಟುತ್ತಾರೆ. ಯಾವ ಪುಸ್ತಕ ಬೇಕು ಅಂತ ಹೇಳುವ ಹಕ್ಕು ಅವರಿಗೆ ಇದ್ದೇ ಇದೆ.

ನಮ್ಮ ಭಾಗದಲ್ಲಿ ಇಂಥ ಗ್ರೂಪ್ ನಡೆಸೋಕೆ ಇನ್ನೂ ಒಂದು ದೊಡ್ಡ ಕಾರಣ ಇದೆ. ತೊಗರಿ ರಾಶಿ ಮುಗಿಯಿತು ಅಂದರೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಗುಳೆ ಹೋಗುತ್ತಾರೆ, ಜತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಶಾಲೆಯೂ ತಪ್ಪುತ್ತದೆ, ಗ್ರಂಥಾಲಯವೂ ತಪ್ಪುತ್ತದೆ. ಆದರೆ ಅಪ್ಪನ ಕೈಯಲ್ಲಿ ಫೋನ್ ಇರುತ್ತದೆ. ಊರಿನ ಒಬ್ಬ ಅಜ್ಜಿಯಿಂದ ಕಥೆ ಹೇಳಿಸಿ, ಧ್ವನಿ ಸಂದೇಶ ಮಾಡಿ ಹಾಕಿ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, 'ಮುಂದೆ ಏನಾಯಿತು, ನೀವೇ ಹೇಳಿ' ಅಂತ ಮಕ್ಕಳನ್ನು ಕೇಳಿ. ಪುಣೆಯ ಕಟ್ಟಡದ ಕೆಲಸದ ಜಾಗದಿಂದ ಒಂದು ಮಗು ಉತ್ತರ ಕಳಿಸಿತು ಅಂದರೆ ಆ ಮಗುವಿನ ಪಾಲಿಗೆ ನಿಮ್ಮ ಕೇಂದ್ರದ ಬಾಗಿಲು ತೆರೆದೇ ಇದೆ. ನನ್ನ ಪ್ರಕಾರ ಈ ಸಾಧನಗಳಿಂದ ನಮ್ಮ ಮೂರು ಜಿಲ್ಲೆಗೆ ಇದಕ್ಕಿಂತ ದೊಡ್ಡ ಉಪಯೋಗ ಬೇರೆ ಇಲ್ಲ.

ಪ್ರಶ್ನೆ: ಸುರಪುರದ ನಿವೃತ್ತ ಶಿಕ್ಷಕ ನಾನು. ನಮ್ಮ ಕಡೆ ಹಳೇ ಮನೆಗಳಲ್ಲಿ ಫೋಟೊ, ಕಾಗದಪತ್ರ ಬೇಕಾದಷ್ಟಿವೆ. ಕೆಲವು ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಕೈಬರಹದ ಲಿಪಿ), ಕೆಲವು ಉರ್ದು, ಪಾರ್ಸಿಯಲ್ಲಿ. ಓದುವವರು ಕಡಿಮೆಯಾಗುತ್ತಿದ್ದಾರೆ. ಗ್ರಂಥಾಲಯದಿಂದ ಏನಾದರೂ ಮಾಡಲು ಸಾಧ್ಯವೇ?

ಖಂಡಿತ ಸಾಧ್ಯ ಮಾಸ್ತರ್. ತಡ ಮಾಡಬೇಡಿ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಹಾಗಾಗಿ ನಮ್ಮ ಅಜ್ಜಂದಿರ ಕಾಗದಗಳನ್ನು ಇವತ್ತಿನ ಮೊಮ್ಮಕ್ಕಳಿಗೆ ಓದಲು ಬರೋದಿಲ್ಲ. ಓದಲು ಬರುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಜನರನ್ನೇ ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಸುಮಾರು 3,000 ಹಳೇ ಫೋಟೊಗಳನ್ನು ಫ್ಲಿಕರ್ ತಾಣದಲ್ಲಿ ಹಾಕಿತು. ಇವರು ಯಾರು, ಇದು ಯಾವ ಊರು ಅಂತ ಜನ ಕೆಳಗೆ ಬರೆಯತೊಡಗಿದರು. ಗ್ರಂಥಾಲಯದವರು ಅದನ್ನು ಪರಿಶೀಲಿಸಿ, ಸರಿ ಇದ್ದದ್ದನ್ನು ತಮ್ಮ ದಾಖಲೆಗೆ ಸೇರಿಸಿಕೊಂಡರು. ಅದೇ ವರ್ಷ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೇ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿಟ್ಟು, ಕಂಪ್ಯೂಟರ್ ತಪ್ಪು ಓದಿದ ಸಾಲುಗಳನ್ನು ತಿದ್ದುವ ಕೆಲಸವನ್ನು ಓದುಗರಿಗೇ ಬಿಟ್ಟಿತು. ಜನ ಈಗಲೂ ತಿದ್ದುತ್ತಿದ್ದಾರೆ. ಎರಡೂ ಕಡೆ ಜನರಿಗೆ ಸಿಕ್ಕಿದ್ದು ಕೈಗೆಟುಕುವ, ಸಣ್ಣ, ನಿಜವಾದ ಕೆಲಸ.

ಸುರಪುರದಲ್ಲಿ ಇದನ್ನು ಒಂದು ಭಾನುವಾರ ಶುರು ಮಾಡಬಹುದು. ಹಳೇ ಫೋಟೊ ತರಲು ಹೇಳಿ. ಅವರ ಎದುರಿಗೇ ಸ್ಕ್ಯಾನ್ ಮಾಡಿ ಆವತ್ತೇ ವಾಪಸ್ ಕೊಡಿ. ಒಂದು ರಾತ್ರಿ ಕೂಡ ಇಟ್ಟುಕೊಳ್ಳಬೇಡಿ, ವಿಶ್ವಾಸ ನಿಂತಿರೋದು ಅಲ್ಲೇ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ ಫೋಟೊ ಮಲಗಿಸಿ, ಫ್ಲಾಶ್ ಆರಿಸಿ, ಮೊಬೈಲನ್ನು ನೇರ ಮೇಲಿಂದ ಹಿಡಿದು ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೊ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಇಸವಿ, ಯಾರದೋ ಹೆಸರು ಎಲ್ಲ ಹಿಂದೆಯೇ ಇರುತ್ತದೆ. ಯಾರು, ಎಲ್ಲಿ, ಯಾವಾಗ ಅಂತ ತಂದವರ ಬಾಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ವಾರಕ್ಕೊಂದು ಫೋಟೊ ಗ್ರೂಪಿಗೆ ಹಾಕಿ, ಉಳಿದವರನ್ನು ಗುರುತಿಸಲು ಕೇಳಿ. ಕಾಗದ ಆದರೆ ಪೂರ್ತಿ ಪುಟ ಕೊಡಬೇಡಿ, ಎರಡು ಸಾಲು ಮಾತ್ರ ಕೊಟ್ಟು ಓದಿಸಿ. ಉರ್ದು ಮಾಧ್ಯಮದ ಶಿಕ್ಷಕರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಕೈಬರಹ ಕಷ್ಟವಾದರೂ ಇಷ್ಟಿಷ್ಟೇ ಓದಬಲ್ಲರು. ಮೋಡಿಗೆ ಮಹಾರಾಷ್ಟ್ರದ ಕಡೆಯ ಓದುಗರ ಸಹಾಯ ಬೇಕಾಗಬಹುದು.

ಎರಡು ಎಚ್ಚರಿಕೆ. ಹೊಲ, ಮನೆಗೆ ಸಂಬಂಧಿಸಿದ ಕಾಗದ ಯಾವುದನ್ನೂ ಸಾರ್ವಜನಿಕವಾಗಿ ಹಾಕಬೇಡಿ. ಅಣ್ಣತಮ್ಮಂದಿರ ಜಗಳಕ್ಕೆ ಗ್ರಂಥಾಲಯ ಕಾರಣ ಆಗಬಾರದು. ಇನ್ನು ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ತಾಣಕ್ಕೆ ಫೋಟೊ ಏರಿಸಿದರೆ ಅದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ಫೋಟೊ ಮನೆಯಲ್ಲಿದೆ ಅಂದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯವೂ ಮನೆಯವರದ್ದೇ ಆಗಿರಬೇಕಿಲ್ಲ. ಅನುಮಾನ ಇದ್ದರೆ ಗ್ರಂಥಾಲಯದ ಕಂಪ್ಯೂಟರ್‌ನಲ್ಲೇ ಇಟ್ಟು, ಬಂದವರಿಗೆ ತೋರಿಸಿ.

ಪ್ರಶ್ನೆ: ಬೀದರ್‌ನಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದೇನೆ. ನಮ್ಮ ಸುತ್ತಲಿನ ಎಷ್ಟೋ ಊರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಮಾಹಿತಿ ತೀರಾ ಕಡಿಮೆ. ಇದನ್ನು ಬೆಳೆಸುವುದು ಗ್ರಂಥಾಲಯದ ಕೆಲಸವೇ?

ಹೌದು. ಬೇರೆ ಯಾರೂ ಮಾಡಲಾಗದ ಒಂದು ಭಾಗವನ್ನು ಗ್ರಂಥಾಲಯವೇ ಮಾಡಬೇಕು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಲ್ಲಿ ಬರೆಯುವ ಮಾತಿಗೆ ಆಧಾರ ಬೇಕು, ಅಂದರೆ ಅದು ಯಾವ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಇದೆ ಅಂತ ತೋರಿಸಬೇಕು. ನೌಬಾದ್‌ನ ಸುರಂಗ ಬಾವಿ, 1472ರ ಮಹಮೂದ್ ಗವಾನ್ ಮದರಸಾ, ಬಿದ್ರಿ ಕುಸುರಿ ಕೆಲಸದ ಬಗ್ಗೆ ಒಳ್ಳೆಯ ಮಾಹಿತಿ ಎಷ್ಟೋ ಸಲ ಇಂಟರ್‌ನೆಟ್‌ನಲ್ಲಿ ಸಿಗೋದಿಲ್ಲ. ಜಿಲ್ಲಾ ಗೆಜೆಟಿಯರ್‌ನಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಸ್ಥಳೀಯರು ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಇರುತ್ತದೆ. ಆ ಪುಸ್ತಕಗಳು ಇರೋದು ನಿಮ್ಮ ಕಪಾಟಿನಲ್ಲಿ.

ಹಾಗಾಗಿ ಹೊಸ ಲೇಖನ ಬರೆಯುವುದಕ್ಕಿಂತ ಇರುವ ಲೇಖನಕ್ಕೆ ಆಧಾರ ಸೇರಿಸುವುದರಿಂದ ಶುರು ಮಾಡಿ. ಗ್ರಂಥಪಾಲಕರಿಗಾಗಿಯೇ 2016ರಲ್ಲಿ 'ಒಬ್ಬ ಗ್ರಂಥಪಾಲಕ, ಒಂದು ಆಧಾರ' ಅನ್ನುವ ಅಭಿಯಾನ ಶುರುವಾಯಿತು. ವರ್ಷಕ್ಕೆ ಎರಡು ಸಲ, ಜನವರಿ 15ರಿಂದ ಫೆಬ್ರವರಿ 5 ಮತ್ತು ಮೇ 15ರಿಂದ ಜೂನ್ 5ರವರೆಗೆ ನಡೆಯುತ್ತದೆ. ಪುಸ್ತಕ ತೆರೆದು, ಪುಟ ಸಂಖ್ಯೆ ನೋಡಿ, ಒಂದು ಸಾಲಿಗೆ ಆಧಾರ ಕೊಟ್ಟರೂ ಸಾಕು.

ಶಿಬಿರ ಮಾಡುವುದಾದರೆ ಒಂದು ವಿಷಯ ನೆನಪಿಡಿ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ವಿಕಿಪೀಡಿಯದಲ್ಲಿ ದಿನಕ್ಕೆ 6 ಹೊಸ ಖಾತೆಗಳನ್ನಷ್ಟೇ ತೆರೆಯಬಹುದು. ಮೂವತ್ತು ವಿದ್ಯಾರ್ಥಿಗಳನ್ನು ಕೂರಿಸಿದರೆ ಏಳನೆಯವರಿಗೇ ತಡೆ ಬೀಳುತ್ತದೆ. ಮನೆಯಲ್ಲೇ ಖಾತೆ ತೆರೆದು ಬರಲು ಹೇಳಿ. ಇನ್ನು ಅಜ್ಜಿ ಹೇಳಿದ ಊರಿನ ಕಥೆಯನ್ನು ವಿಕಿಪೀಡಿಯ ಆಧಾರ ಅಂತ ಒಪ್ಪೋದಿಲ್ಲ. ಅದು ನಿಮ್ಮ ಗ್ರಂಥಾಲಯದ ಧ್ವನಿ ಸಂಗ್ರಹಕ್ಕೆ ಹೋಗಲಿ. ಬರೆಯಲು ಹಿಂಜರಿಯುವವರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡಿ, ಅದು ಜನರೇ ಸೇರಿ ಮಾಡುವ ಆನ್‌ಲೈನ್ ನಕ್ಷೆ. ತಮ್ಮ ಓಣಿ, ಕೆರೆ, ಹಳ್ಳದ ಹೆಸರನ್ನು ಕನ್ನಡದಲ್ಲಿ ಸೇರಿಸಿದರೆ ನಕ್ಷೆಯಲ್ಲಿ ಬೇಗ ಕಾಣುತ್ತದೆ, ಖುಷಿಯೂ ಆಗುತ್ತದೆ.

ಪ್ರಶ್ನೆ: ಗ್ರಂಥಾಲಯಕ್ಕೆ ಬರುವ ಮಕ್ಕಳ ಫೋಟೊ ಫೇಸ್‌ಬುಕ್‌ನಲ್ಲಿ ಹಾಕಬಹುದಾ? (ಆಳಂದದ ಓದುಗರು)

ಅಪ್ಪ ಅಮ್ಮ ಒಪ್ಪದೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮುಖದ ಬದಲು ಮಗು ಬಿಡಿಸಿದ ಚಿತ್ರ ಹಾಕಿ. ನೋಡುವವರಿಗೂ ಅದೇ ಚೆನ್ನ.

ಪ್ರಶ್ನೆ: ಕಲಬುರಗಿಯ ಒಂದು ಕಾಲೇಜಿನ ಗ್ರಂಥಪಾಲಕಿ ನಾನು. ನಮ್ಮಲ್ಲಿ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶ ಇದೆ, ಇನ್‌ಸ್ಟಾಗ್ರಾಂ ಪುಟವೂ ಇದೆ. ಆಡಳಿತದವರು ಲೈಕ್ ಎಷ್ಟು ಬಂತು ಅಂತ ಲೆಕ್ಕ ಕೇಳುತ್ತಾರೆ. ಏನು ತೋರಿಸಲಿ?

ಲೈಕ್ ಲೆಕ್ಕ ಕೊಡಿ, ಅವರು ಕೇಳಿದ್ದಾರೆ. ಅದರ ಕೆಳಗೆ ಇನ್ನೂ ಮೂರು ಸಾಲು ನೀವೇ ಸೇರಿಸಿ: ಓದುಗರಿಂದ ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ಉತ್ತರ ಹೋಯಿತು, ಅವರ ಸಲಹೆಯಿಂದ ಎಷ್ಟು ಪುಸ್ತಕ ಬಂದವು. ಎರಡು ಮೂರು ತಿಂಗಳು ಹೀಗೆ ಕೊಟ್ಟರೆ ಆಡಳಿತದವರ ಕಣ್ಣೂ ಆ ಸಾಲುಗಳ ಮೇಲೆ ಬೀಳುತ್ತದೆ.

ಕೋಹಾ ಇರೋದು ಒಳ್ಳೆಯದೇ ಆಯಿತು. ಓದುಗರು ತಾವೇ ಪುಸ್ತಕ ಸೂಚಿಸುವ ಪುಟ ಅದರಲ್ಲೇ ಇದೆ. ಪುಸ್ತಕದ ಕೆಳಗೆ ಅಭಿಪ್ರಾಯ ಬರೆಯಬಹುದು, ನಕ್ಷತ್ರ ಕೊಡಬಹುದು, ಟ್ಯಾಗ್ ಹಾಕಬಹುದು. ಇವು ನಿಮ್ಮಲ್ಲಿ ಆನ್ ಆಗಿವೆಯಾ ಅಂತ ಸೆಟ್ಟಿಂಗ್‌ನಲ್ಲಿ ನೋಡಿ. ಸಲಹೆ ಒಪ್ಪಿದರೂ, ಬಿಟ್ಟರೂ ಕಾರಣ ಬರೆಯುವ ಜಾಗ ಅಲ್ಲೇ ಇದೆ, ಕೇಳಿದವರಿಗೆ ಸಂದೇಶವೂ ಹೋಗುತ್ತದೆ. ಕಾರಣದ ಜಾಗ ಖಾಲಿ ಬಿಡಬೇಡಿ. ಮೊದಲು ಪುಸ್ತಕ ಸೂಚಿಸುವ ಪುಟವೊಂದನ್ನೇ ತೆರೆಯಿರಿ. ಅಭಿಪ್ರಾಯಗಳನ್ನು ದಿನಾ ಓದಿ ಒಪ್ಪಿಗೆ ಕೊಡಲು ಒಬ್ಬರು ಸಿಕ್ಕ ಮೇಲೆ ಅದನ್ನೂ ತೆರೆದರಾಯಿತು. ನೀವು ರಜೆ ಹಾಕಿದ ದಿನ ಓದುಗರಿಗೆ ಉತ್ತರ ಕೊಡುವವರು ಯಾರು ಅಂತಲೂ ಈಗಲೇ ಗೊತ್ತು ಮಾಡಿಡಿ.