ಕಣ್ಣಿನ ಪರೀಕ್ಷೆ ಎಲ್ಲಿ, ಕನ್ನಡಕ ಎಲ್ಲಿ?

ಪ್ರಶ್ನೆ: ನನಗೆ 46 ವರ್ಷ. ಬಹಳ ಕಾಲದಿಂದ ಎರಡೂ ಕಣ್ಣಿಗೆ ಮೈನಸ್ 3.5ರ ಕನ್ನಡಕ ಹಾಕುತ್ತಿದ್ದೇನೆ. ಈಚೆಗೆ ಸಣ್ಣ ಅಕ್ಷರ ಓದಬೇಕಾದರೆ ಕನ್ನಡಕ ತೆಗೆಯಬೇಕಾಗಿದೆ. ಕನ್ನಡಕದ ಅಂಗಡಿಯೊಂದರಲ್ಲಿ ಉಚಿತವಾಗಿ ಯಂತ್ರದಲ್ಲಿ ನೋಡಿ ಎರಡೇ ನಿಮಿಷದಲ್ಲಿ ನಂಬರ್ ಕೊಟ್ಟರು. ಇನ್ನೊಂದು ಅಂಗಡಿಯಲ್ಲಿ ನಂಬರ್ ಬೇರೆ ಬಂತು. ಇದಕ್ಕೆ ಅಂಗಡಿಯೇ ಸಾಕೇ, ಕಣ್ಣಿನ ಆಸ್ಪತ್ರೆಗೇ ಹೋಗಬೇಕೇ? ಕನ್ನಡಕವನ್ನು ಆನ್‌ಲೈನ್‌ನಲ್ಲಿ ತರಿಸಿದರೆ ತೊಂದರೆಯಿದೆಯೇ? ನಮ್ಮ ತಂದೆಯವರಿಗೆ ಗ್ಲಾಕೋಮಾ ಇತ್ತು.

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನಂಬರ್ ಎಷ್ಟು ಎಂಬುದು ಒಂದು, ಕಣ್ಣು ಆರೋಗ್ಯವಾಗಿದೆಯೇ ಎಂಬುದು ಇನ್ನೊಂದು. ಅಂಗಡಿಯಲ್ಲಿ ನಡೆದ ಉಚಿತ ತಪಾಸಣೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟಿದೆ, ಅದನ್ನೂ ಅರ್ಧಂಬರ್ಧವಾಗಿ. ತಂದೆಯವರ ಗ್ಲಾಕೋಮಾದ ಮಾತನ್ನು ನೀವು ಕೊನೆಯ ಸಾಲಿಗೆ ಇಟ್ಟಿದ್ದೀರಿ. ಅದು ಮೊದಲ ಸಾಲಿನಲ್ಲಿರಬೇಕಾಗಿತ್ತು, ಏಕೆಂದರೆ ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಅದೇ.

ಗ್ಲಾಕೋಮಾದಲ್ಲಿ ನೇತ್ರನರವು ಸಾಮಾನ್ಯವಾಗಿ ನೋವಿಲ್ಲದೆ, ನಿಧಾನವಾಗಿ ಹಾಳಾಗುತ್ತದೆ. ಮೊದಲು ಕುಂದುವುದು ಅಂಚಿನ ನೋಟ. ನಡುವಿನ ನೋಟ ಬಹುಕಾಲ ಚೆನ್ನಾಗಿಯೇ ಇರುವುದರಿಂದ, ರೋಗವಿರುವವರೂ ಅಕ್ಷರಗಳ ಚಾರ್ಟನ್ನು ಕೊನೆಯ ಸಾಲಿನವರೆಗೆ ಓದಿಬಿಡಬಲ್ಲರು. ಹೀಗಾಗಿ ನಂಬರ್ ಸರಿಯಾಗಿ ಬಂದಿತೆಂದರೆ ಕಣ್ಣು ಸರಿಯಾಗಿದೆ ಎಂದು ಅರ್ಥವಲ್ಲ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದರೆ ಅಪಾಯ ಹೆಚ್ಚು. ಸಮೀಪದೃಷ್ಟಿಯವರಲ್ಲಿಯೂ ಅದು ತುಸು ಹೆಚ್ಚೇ. ನಿಮ್ಮಲ್ಲಿ ಎರಡೂ ಕೂಡಿವೆ. ಆದ್ದರಿಂದ ಈ ಸಲದ ಪರೀಕ್ಷೆಯನ್ನು ನೇತ್ರತಜ್ಞ ವೈದ್ಯರಲ್ಲಿಯೇ ಮಾಡಿಸಿಕೊಳ್ಳಿ. ಅವರು ಕಣ್ಣಿನ ಒತ್ತಡವನ್ನು ಅಳೆಯುತ್ತಾರೆ. ಅದು ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ. ಆದರೆ ಒತ್ತಡ ಈ ಮಿತಿಯೊಳಗಿದ್ದೂ ನರ ಹಾಳಾಗುವುದುಂಟು. ಅದಕ್ಕಾಗಿ ಪಾಪೆಯನ್ನು ಹಿಗ್ಗಿಸಿ ನೇತ್ರನರವನ್ನು ನೋಡುವುದು, ಅಗತ್ಯವೆನಿಸಿದರೆ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡುವುದು ಇವೂ ಆಗಬೇಕು. ನೀವು ಯಾವುದೇ ಕಾಯಿಲೆಗೆ ಸ್ಟೀರಾಯ್ಡ್ ಔಷಧ ತೆಗೆದುಕೊಳ್ಳುತ್ತಿದ್ದರೆ ಕೇಳುವ ಮೊದಲೇ ಹೇಳಿಬಿಡಿ, ಅದು ಕಣ್ಣಿನ ಒತ್ತಡವನ್ನು ಏರಿಸಬಲ್ಲದು.

ಇದೇ ಪತ್ರವನ್ನು ಮನೆತನದಲ್ಲಿ ಗ್ಲಾಕೋಮಾವಾಗಲಿ, ತಮಗೆ ಸಕ್ಕರೆ ಕಾಯಿಲೆಯಾಗಲಿ ಇಲ್ಲದ, ಈಚೆಗಷ್ಟೇ ಕಣ್ಣು ಪರೀಕ್ಷಿಸಿಕೊಂಡಿದ್ದ ಇಪ್ಪತ್ತೆಂಟರ ಯುವಕರು ಬರೆದಿದ್ದರೆ, ತರಬೇತಿ ಪಡೆದ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸಿ ನಂಬರ್ ಕೊಡುವ ಪರಿಣತರು) ಇರುವ ಅಂಗಡಿಯೇ ಸಾಕು ಎನ್ನುತ್ತಿದ್ದೆ. ಸಕ್ಕರೆ ಕಾಯಿಲೆಯಿರುವವರು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ಸಕ್ಕರೆಯ ಮಟ್ಟ ಏರಿಳಿಯುವಾಗ ನಂಬರೂ ಏರಿಳಿಯುವುದರಿಂದ, ಅದು ಹತೋಟಿಗೆ ಬಂದ ಮೇಲೆ ಕನ್ನಡಕ ಮಾಡಿಸುವುದು ಜಾಣತನ. ದೃಷ್ಟಿ ಇದ್ದಕ್ಕಿದ್ದಂತೆ ಮಂಕಾದರೆ, ಮಿಂಚು ಹೊಳೆದಂತಾದರೆ, ಕಪ್ಪು ಚುಕ್ಕೆಗಳು ದಿಢೀರನೆ ಹೆಚ್ಚಿದರೆ, ಪರದೆ ಇಳಿದಂತೆ ಕಂಡರೆ ಕನ್ನಡಕದ ಯೋಚನೆಯನ್ನೇ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಎರಡು ಅಂಗಡಿಗಳ ಎರಡು ನಂಬರಿನ ಸಂಗತಿ. ಗಲ್ಲವನ್ನು ಇಟ್ಟು ದೂರದ ಚಿತ್ರವೊಂದನ್ನು ನೋಡಿಸುವ ಆ ಯಂತ್ರ ಕೊಡುವುದು ಅಂದಾಜನ್ನು ಮಾತ್ರ. ಅದನ್ನು ಹಿಡಿದು ಪರೀಕ್ಷಕರು ಒಂದೊಂದೇ ಗಾಜನ್ನು ಬದಲಿಸುತ್ತ, ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳಿ, ಎರಡು ಕಣ್ಣುಗಳನ್ನೂ ಪರಸ್ಪರ ಹೊಂದಿಸಿ, ಕೊನೆಗೆ ನೀವು ಓದುವ ದೂರದಲ್ಲಿಯೂ ನೋಡಿದ ಮೇಲೆ ಬರುವುದು ನಿಜವಾದ ನಂಬರ್. ನಂಬರನ್ನು ಅಳೆಯುವ ಮಾನಕ್ಕೆ ಡಯಾಪ್ಟರ್ ಎನ್ನುತ್ತಾರೆ. ಕಾಲು ಡಯಾಪ್ಟರಿನ ವ್ಯತ್ಯಾಸ ಒಂದೇ ಕಣ್ಣನ್ನು ಎರಡು ಸಲ ನೋಡಿದರೂ ಬರಬಹುದು, ಅದಕ್ಕೆ ಗಾಬರಿ ಬೇಡ. ಅರ್ಧ ಡಯಾಪ್ಟರನ್ನು ಮೀರಿದರೆ ಮತ್ತೊಮ್ಮೆ ನೋಡಿಸಬೇಕು. ಎಲ್ಲಿಯೇ ಹೋಗಿ, ಗಾಜು ಬದಲಿಸಿ ಕೇಳುವ ಈ ಹಂತವನ್ನು ಹಾರಿಸಿ ಯಂತ್ರದ ಚೀಟಿಯನ್ನೇ ಕೈಗಿಡುವವರ ಬಳಿ ಕನ್ನಡಕ ಮಾಡಿಸಬೇಡಿ.

ಓದುವಾಗ ಕನ್ನಡಕ ತೆಗೆಯಬೇಕಾಗಿರುವುದು ನಿಮ್ಮ ವಯಸ್ಸಿಗೆ ತಕ್ಕುದೇ. ನಲವತ್ತರ ಸುಮಾರಿಗೆ ಬರುವುದೆಂದೇ ಅದಕ್ಕೆ ಚಾಳೀಸು ಎಂಬ ಹೆಸರು. ಮೈನಸ್ 3.5 ಇರುವ ಬರಿಗಣ್ಣಿಗೆ ಸುಮಾರು 28 ಸೆಂ.ಮೀ. ದೂರದ ವಸ್ತು ತಾನಾಗಿಯೇ ಸ್ಪಷ್ಟವಾಗಿ ಕಾಣುತ್ತದೆ. ಪುಸ್ತಕವನ್ನಷ್ಟೇ ಓದುವವರಾದರೆ ಕನ್ನಡಕ ತೆಗೆದು ಓದುವುದರಲ್ಲಿ ಯಾವ ದೋಷವೂ ಇಲ್ಲ. ಹೊಸ ಗಾಜು ಮಾರುವವರು ಈ ಮಾತನ್ನು ಹೇಳುವುದು ಕಡಿಮೆ. ಆದರೆ 60–70 ಸೆಂ.ಮೀ. ದೂರದ ಕಂಪ್ಯೂಟರ್ ಪರದೆಗೆ ಈ ಉಪಾಯ ನಡೆಯದು. ನಿಮ್ಮ ಪರದೆ ಎಷ್ಟು ದೂರದಲ್ಲಿದೆ ಎಂದು ಅಳೆದುಕೊಂಡು ಹೋಗಿ ಪರೀಕ್ಷಕರಿಗೆ ತಿಳಿಸಿ.

ಪರೀಕ್ಷೆ ಮಾಡಿದಲ್ಲಿಯೇ ಕನ್ನಡಕ ಕೊಳ್ಳಬೇಕೆಂದೇನೂ ಇಲ್ಲ. ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ. ಎರಡು ಪಾಪೆಗಳ ನಡುವಿನ ಅಂತರವನ್ನೂ ಅದರಲ್ಲಿ ಬರೆಸಿಕೊಳ್ಳಿ. ಗಾಜಿನ ಕೇಂದ್ರ ಪಾಪೆಯ ನೇರಕ್ಕೆ ಕೂರದಿದ್ದರೆ, ನಂಬರ್ ಸರಿಯಿದ್ದರೂ ಕಣ್ಣುಗಳು ಎಳೆದಾಡುತ್ತವೆ. ಒಟ್ಟು 4 ಮಿ.ಮೀ. ತಪ್ಪಿದರೂ ನಿಮ್ಮ ನಂಬರಿಗೆ 1.4 ಪ್ರಿಸಮ್ ಡಯಾಪ್ಟರಿನಷ್ಟು (ಗಾಜು ಬೆಳಕನ್ನು ಪಕ್ಕಕ್ಕೆ ಬಾಗಿಸುವುದರ ಅಳತೆ ಇದು) ಅನಗತ್ಯ ಎಳೆತ ಉಂಟಾಗುತ್ತದೆ, ಕೆಲವರಿಗೆ ಇಷ್ಟರಿಂದಲೇ ಸಂಜೆಯ ಹೊತ್ತಿಗೆ ತಲೆನೋವು ಬರಬಹುದು. ದೂರಕ್ಕೆ ಮಾತ್ರ ಬೇಕಾದ ಸಾದಾ ಗಾಜಾದರೆ ಈ ಅಳತೆಯನ್ನು ಕೊಟ್ಟು ಆನ್‌ಲೈನ್‌ನಲ್ಲಿ ತರಿಸಬಹುದು. ದೂರ, ನಡುದೂರ, ಹತ್ತಿರ ಮೂರರ ನಂಬರೂ ಒಂದೇ ಗಾಜಿನಲ್ಲಿರುವ ಪ್ರೋಗ್ರೆಸಿವ್ ಗಾಜಿಗೆ ಮಾತ್ರ ಬೇಡ. ನಿಮ್ಮ ಮೂಗಿನ ಮೇಲೆ ಕುಳಿತ ಆ ಫ್ರೇಮಿನಲ್ಲಿ ಪಾಪೆ ಯಾವ ಎತ್ತರಕ್ಕೆ ಬರುತ್ತದೆಂದು ಎದುರಿಗೆ ಕುಳಿತು ಗುರುತು ಹಾಕುವವರು ಅದಕ್ಕೆ ಬೇಕು, ಮತ್ತು ಒಗ್ಗದಿದ್ದರೆ ಮರಳಿ ಹೋಗಲು ಒಂದು ಬಾಗಿಲು ಬೇಕು. ಹೊಂದಿಕೆಯಾಗದಿದ್ದರೆ ಗಾಜನ್ನು ಬದಲಿಸಿ ಕೊಡುತ್ತೀರಾ, ಎಷ್ಟು ದಿನದೊಳಗೆ ಎಂದು ಹಣ ಕೊಡುವ ಮುನ್ನವೇ ಕೇಳಿ.

ಗಾಜಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ ನಂಬರಿಗೆ 1.6 ವಕ್ರೀಭವನ ಸೂಚ್ಯಂಕದ (ಇದು ಹೆಚ್ಚಿದಷ್ಟೂ ಗಾಜು ತೆಳ್ಳಗೆ) ಗಾಜು ಸಾಕಷ್ಟು ತೆಳ್ಳಗಿರುತ್ತದೆ, 1.74ರ ದುಬಾರಿ ಗಾಜು ದೊಡ್ಡ ನಂಬರಿನವರಿಗೆ ಇರಲಿ. ನೀಲಿ ಬೆಳಕನ್ನು ತಡೆಯುವ ಲೇಪನದಿಂದ ಕಂಪ್ಯೂಟರ್ ಕೆಲಸದ ಆಯಾಸ ಇಳಿಯುತ್ತದೆ ಎಂಬುದಕ್ಕೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆಯಲ್ಲಿ ಆಧಾರ ಕಾಣಲಿಲ್ಲ. ಅದಕ್ಕೆಂದು ಹಣ ಸುರಿಯಬೇಡಿ.

ಪರೀಕ್ಷೆಗೆ ಹೋಗುವಾಗ ಹಳೆಯ ಕನ್ನಡಕ, ಹಳೆಯ ಚೀಟಿಗಳು ಜೊತೆಗಿರಲಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ನೋಟ ಮಸುಕಾಗಿ, ಬೆಳಕು ಚುಚ್ಚುವುದರಿಂದ ಗಾಡಿ ಓಡಿಸಬಾರದು, ಫ್ರೇಮ್ ಆರಿಸುವ ಕೆಲಸವನ್ನೂ ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ಕನ್ನಡಕ ಕೈಗೆ ಬಂದಾಗ ಗಾಜಿನ ನಂಬರ್ ಅಳೆಯುವ ಲೆನ್ಸ್‌ಮೀಟರಿನಲ್ಲಿ ನಂಬರನ್ನು ಚೀಟಿಯೊಂದಿಗೆ ತಾಳೆ ನೋಡಿಸಿ. ಪ್ರೋಗ್ರೆಸಿವ್ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಆ ಮೇಲೆಯೂ ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತೆ ಕಂಡರೆ ಸಹಿಸಿಕೊಂಡು ಕೂರದೆ, ಅದನ್ನು ಮಾಡಿಕೊಟ್ಟವರಲ್ಲಿಗೆ ಹಳೆಯ ಕನ್ನಡಕದೊಂದಿಗೆ ಹಿಂದಿರುಗಿ.